ಹಗಲು ನಿದ್ದೆಗೊಂದು ಬಾಡಿಗೆ ಮನೆ

ರಾತ್ರಿ ಪಾಳಿ ಮಾಡುವ ನರ್ಸು ಬಾಡಿಗೆ ಮನೆಯಲ್ಲಿದ್ದರೆ ನಗೆಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಬಾಗಿಲು ತಟ್ಟುತ್ತವೆ, ಅದೂ ಆಗಷ್ಟೇ ಕಣ್ಣು ಹತ್ತಿದಾಗ. ತೊಂಬತ್ತರ ದಶಕದಲ್ಲಿ ಚಳ್ಳಕೆರೆಯ ಆಸ್ಪತ್ರೆಯಲ್ಲಿ ನನ್ನ ಕೆಲಸ, ಅಲ್ಲೇ ಒಂದು ಎಣ್ಣೆ ಮಿಲ್ಲಿನಲ್ಲಿ ನಮ್ಮ ಯಜಮಾನರ ಗುಮಾಸ್ತಿಕೆ. ನನಗೆ ಬೇಕಾಗಿದ್ದದ್ದು ಬಂಗಲೆಯಲ್ಲ. ಬೆಳಿಗ್ಗೆ ಬಂದವಳನ್ನು ಮಧ್ಯಾಹ್ನದವರೆಗೆ ಮಲಗಲು ಬಿಡುವಂಥ ಒಂದು ಮನೆ. ಅಷ್ಟನ್ನು ಹುಡುಕುವಷ್ಟರಲ್ಲಿ ಸಾಕುಸಾಕಾಯಿತು.

ಬೀಗ ಹಾಕಿದ ಮನೆ

ಮೊದಲ ಮನೆಯ ಓನರಮ್ಮ ಪಕ್ಕದಲ್ಲೇ ಇದ್ದರು. ಕೆಟ್ಟವರಲ್ಲ, ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದರು. ಆದರೆ ನಾನು ಮಲಗಿದ್ದು ಗೊತ್ತಾದರೆ ಬಂದು ಬಾಗಿಲು ಬಡಿಯುತ್ತಿದ್ದರು.

“ಹೆಣ್ಮಗಳು ಹಗಲೊತ್ತು ಮಲಗಿದ್ರೆ ಮನೇಲಿ ಲಕ್ಷ್ಮಿ ನಿಲ್ಲಲ್ಲಮ್ಮ.”

“ರಾತ್ರಿಯೆಲ್ಲ ವಾರ್ಡಿನಲ್ಲಿ ನಾನು ನಿಂತಿರ್ತೀನಲ್ಲಮ್ಮ?”

“ನೀನು ನಿಂತ್ರೆ ಲಕ್ಷ್ಮಿ ನಿಂತಂಗಾಯ್ತಾ? ಏಳು, ಏಳು.”

ಇದು ಆಗುವ ಮಾತಲ್ಲವೆಂದು, ತಿಂಗಳ ಕೊನೆಗೆ ಮನೆ ಬಿಡುತ್ತೇವೆ ಅಂತ ಹೇಳಿಬಿಟ್ಟೆವು. ಅಲ್ಲಿಯವರೆಗಾದರೂ ನಿದ್ದೆ ಬೇಕಲ್ಲ? ಯಜಮಾನರು ಉಪಾಯ ಹೂಡಿದರು. ನನ್ನನ್ನು ಒಳಗೆ ಮಲಗಿಸಿ, ಹೊರಗಿನಿಂದ ಬೀಗ ಹಾಕಿಕೊಂಡು ಮಿಲ್ಲಿಗೆ ಹೋಗುವುದು. ಹಿತ್ತಲ ಬಾಗಿಲಿತ್ತು, ಭಯವೇನಿಲ್ಲ. ಬೀಗ ನೋಡಿದರೆ ಓನರಮ್ಮ ಮನೆಯಲ್ಲಿ ಯಾರೂ ಇಲ್ಲ ಅಂದುಕೊಳ್ಳುತ್ತಾರೆ.

ಹಾಗೇ ಅಂದುಕೊಂಡರು. ಯಾರೂ ಇಲ್ಲವೆಂದೇ, ಮನೆ ನೋಡಲು ಬಂದಿದ್ದ ಗಂಡ ಹೆಂಡಿರನ್ನು ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಲ್ಲಿ ಬಾಗಿಲು ತೆಗೆದು ಒಳಗೆ ಕರೆತಂದರು. “ಗಾಳಿ ಬೆಳಕು ಚೆನ್ನಾಗೈತೆ, ಒಳಗಿನ ರೂಮೂ ನೋಡ್ರಿ” ಎಂಬ ಮಾತು ಕೇಳಿ ನಾನು ಕಣ್ಣು ಬಿಟ್ಟರೆ ಚಾಪೆಯ ಸುತ್ತ ಕಾಲುಗಳು. ಓನರಮ್ಮ ಕೀಲಿಯನ್ನು ಸೆರಗಿನ ಮರೆಗೆ ಸರಿಸಿದರು. ಬಂದಿದ್ದ ಗಂಡಸು ಮಾತ್ರ ನನ್ನನ್ನು ನೋಡಿ, ಬಹಳ ವಿನಯದಿಂದ ಕೇಳಿದ:

“ಇವರೂ ಮನೆ ಜೊತೆಗೇ ಬರ್ತಾರಾ?”

ಸದ್ದು ಮಾಡಬೇಡಿ

ಎರಡನೆಯದು ಲಾರಿ ರಿಪೇರಿ ಗ್ಯಾರೇಜಿನ ಮೇಲಿನ ಮನೆ. ಗ್ಯಾರೇಜೂ ಮನೆಯೂ ಮುಸ್ಲಿಂ ಮೆಕ್ಯಾನಿಕ್ ಒಬ್ಬರವು. ಒಳ್ಳೆಯವರೆಂದರೆ ಅವರು. ನನ್ನ ಕಷ್ಟ ಹೇಳಿದ್ದೇ ತಡ, “ಫಿಕರ್ ಮಾಡ್ಬೇಡಿ ಸಿಸ್ಟರ್. ನೀವು ಆರಾಮಾಗಿ ಮಲಗ್ರಿ, ಕೆಳಗೆ ನಾನಿದೀನಿ” ಅಂದರು.

ಅವರು ಕೆಳಗಿದ್ದದ್ದೇ ಕಷ್ಟವಾಯಿತು. ಸುತ್ತಿಗೆ ಕೆಲಸವನ್ನೆಲ್ಲ, ಪಾಪ, ಬೀದಿಯ ಕೊನೆಗೆ ಒಯ್ದು ಮಾಡಿಸುತ್ತಿದ್ದರು. ಆದರೆ ಕಡಲೆಕಾಯಿ ಲಾರಿ ಒಂದು ತಿರುವಿನಲ್ಲಿ ಕಂಡರೆ ಸಾಕು, ಗ್ಯಾರೇಜಿನಿಂದ ಅವರ ಗಂಟಲು ಏಳುತ್ತಿತ್ತು: “ಲೇ, ಹಾರನ್ ಹೊಡೀಬ್ಯಾಡ, ಮ್ಯಾಲೆ ಸಿಸ್ಟರ್ ಮಲಗವ್ರೆ!” ಅಷ್ಟು ದೂರದ ಡ್ರೈವರನಿಗೆ ಕೇಳಿಸಬೇಕಲ್ಲ, ಅಷ್ಟು ಜೋರು. ಅವನು ಹೊಡೆಯದೇ ಬಿಟ್ಟ ಹಾರನ್ನೇ ಇದಕ್ಕಿಂತ ಮೆತ್ತಗಿರುತ್ತಿತ್ತು. ಬೇಡ ಅನ್ನಲು ಮನಸ್ಸು ಬರಲಿಲ್ಲ. ನನ್ನ ಸ್ವಂತ ಅಣ್ಣ ನನ್ನ ನಿದ್ದೆಗೆ ಅಷ್ಟು ತಲೆ ಕೆಡಿಸಿಕೊಂಡವನಲ್ಲ.

ಒಂದು ದಿನ ಎದ್ದುಬಿಟ್ಟು ಸಂತೆಗೆ ಹೋದೆ. ನನ್ನಿವಾಳದ ಕಡೆಯಿಂದ ಬರುವ ತರಕಾರಿ ಹೆಂಗಸು ನನ್ನನ್ನು ಕಂಡು ಗಾಬರಿಯಾದಳು.

“ಯಾಕ್ರಿ ಸಿಸ್ಟರಮ್ಮ, ಎದ್ ಬಂದ್ರಿ? ನೀವಿನ್ನೂ ಮಲಗೀರಿ ಅಂತ ಈಗ ತಾನೆ ಇಲ್ಲಿಗೆ ಕೇಳಿಸ್ತು.”

ಗುಂಡಿ ಸಮೇತ

ಆಮೇಲೆ ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಅಲ್ಲಿ ಸಿಕ್ಕಿದ್ದು ರೇಷ್ಮೆ ಸೀರೆ ನೇಯುವ ತಾತನೊಬ್ಬರ ಮನೆ. ಹಿಂದಿನ ಭಾಗದಲ್ಲಿ ತಾತ, ಅಜ್ಜಿ. ಮುಂದಿನ ಭಾಗ ನಮಗೆ. ಬಾಡಿಗೆ ಕಡಿಮೆ, ಗೋಡೆ ದಪ್ಪ. ಒಂದೇ ತೊಡಕು, ನಮ್ಮ ಪಡಸಾಲೆಯ ನಡುವೆ ತಾತನ ಮಗ್ಗವಿತ್ತು. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ.

“ಇದನ್ನ ಆಚೆಗೆ ಹಾಕ್ಕೊಳ್ಳೋಕೆ ಆಗಲ್ವಾ ತಾತ?” ಅಂದರು ನಮ್ಮವರು.

“ಮಗ್ಗ ಎತ್ಕೊಂಡು ಹೋಗ್ಬೋದಪ್ಪ. ಗುಂಡಿ ಹೆಂಗೆ ಎತ್ಕೊಂಡು ಹೋಗ್ಲಿ?”

ಹೀಗೆ ದಿನಾ ಬೆಳಿಗ್ಗೆ ತಾತ ನಮ್ಮ ಪಡಸಾಲೆಗೆ ಕೆಲಸಕ್ಕೆ ಬರುತ್ತಿದ್ದರು. ಗುಂಡಿಯಲ್ಲಿ ಬಗ್ಗಿ ದಾರ ಕಟ್ಟುತ್ತ ಕೂತರೆ ಅವರಿದ್ದದ್ದೇ ನಮಗೆ ಮರೆತುಹೋಗುತ್ತಿತ್ತು. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ನಮ್ಮವರು, ಹೆಚ್ಚಾಗಿಲ್ಲವೆಂದು ನಾನು. ಮಾತು ನನ್ನ ತವರನ್ನೂ ಅವರ ಮನೆತನವನ್ನೂ ಮುಟ್ಟಿ ಬಂದ ಮೇಲೆ ನೆಲದೊಳಗಿಂದ ಒಂದು ದನಿ:

“ಒಂದು ಆಲೂಗಡ್ಡೆ ಹಾಕಿ ಕುದಿಸಮ್ಮ, ಸರಿಹೋಗ್ತೈತೆ.”

ತಾತನ ಉಪಕಾರ

ಮೊದಮೊದಲು ಮಗ್ಗದ ಟಕ್ ಟಕ್ ತಲೆಯೊಳಗೇ ಹೊಡೆದಂತಿತ್ತು. ಬರಬರುತ್ತ ಅದೇ ಜೋಗುಳವಾಯಿತು. ನೂಲಿನ ಲಾಳಿ ಅತ್ತಿತ್ತ ಓಡಲು ಶುರುವಾದರೆ ನನ್ನ ಕಣ್ಣು ಮುಚ್ಚುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದೆ.

ಆಗಲೇ ನನ್ನ ಜೊತೆಯ ನರ್ಸೊಬ್ಬಳು ಮನೆಗೆ ಬಂದಳು. “ಈ ಗದ್ದಲದಲ್ಲಿ ಹೆಂಗೆ ಮಲಗ್ತೀಯೇ, ಪಾಪ” ಅಂದಳು. ತಾತ ಗುಂಡಿಯಲ್ಲಿದ್ದರು.

ಮಾರನೆಯ ದಿನ ಬೆಳಿಗ್ಗೆ ನಾನು ಮಲಗಿದೆ. ಮಗ್ಗ ನಿಂತಿತು. ನಿದ್ದೆ ಹತ್ತಲಿಲ್ಲ. ಬಾಗಿಲ ಸಂದಿಯಲ್ಲಿ ನೋಡಿದರೆ ತಾತ ಗುಂಡಿಯಲ್ಲಿ ಕೈಕಟ್ಟಿ ಕೂತಿದ್ದಾರೆ, ಅಜ್ಜಿ ಏನೋ ಕೇಳಲು ಬಂದರೆ ತುಟಿಗೆ ಬೆರಳಿಟ್ಟು ಸುಮ್ಮನಿರಿಸುತ್ತಿದ್ದಾರೆ. ನನಗಾಗಿ ಅಂತ ಗೊತ್ತಾಯಿತು. ನಿಮ್ಮ ಸದ್ದಿದ್ದರೇ ನನಗೆ ನಿದ್ದೆ ಅಂದರೆ ಚುಚ್ಚಿ ಮಾತಾಡಿದೆ ಅಂದುಕೊಂಡಾರು ಎಂದು ಹೆದರಿದೆ. ನಿದ್ದೆ ಬರಲಿಲ್ಲವೆಂದರೆ ನೊಂದುಕೊಂಡಾರು. ಹಾಗಾಗಿ ಕಣ್ಣು ಮುಚ್ಚಿ ಮಲಗಿದಂತೆ ನಟಿಸಿದೆ. ದಿನಾ ಇದೇ ಆಯಿತು. ವಾರ್ಡಿನಲ್ಲಿ ತೂಕಡಿಸುವ ನನ್ನನ್ನು ನೋಡಿ ರೋಗಿಯೊಬ್ಬ ಹೇಳಿದ, “ಸಿಸ್ಟರ್, ನೀವು ಒಂಚೂರು ಒರಗ್ರಿ. ಗ್ಲುಕೋಸು ಮುಗಿದ್ರೆ ನಾನೇ ಎಬ್ಬಿಸ್ತೀನಿ.”

ಅತ್ತ ಮಗ್ಗದ ಮೇಲಿದ್ದದ್ದು ಮದುವೆಯ ಸೀರೆ. ಹೆಣ್ಣಿನ ಕಡೆಯವರು ಬಂದು ನೋಡಿದರೆ ಅರ್ಧವೂ ಆಗಿಲ್ಲ, ಮುಹೂರ್ತ ಹತ್ತಿರ. ಹೀಗಾದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಅಂದು ಹೋದರು. ಅವರು ಅತ್ತ ಹೋದದ್ದೇ ಅಜ್ಜಿ ನನ್ನ ಬಾಗಿಲು ತಳ್ಳಿಕೊಂಡು ಬಂದರು.

“ನೀನು ಯಾವಾಗ ಏಳ್ತೀಯಾ ಅಂತ ಈ ಮನುಷ್ಯ ಕೈಕಟ್ಕೊಂಡು ಕುಂತವ್ನೆ ಕಣಮ್ಮ. ಹಿಂಗೇ ಆದ್ರೆ ಈ ಸೀರೆ ಆ ಹುಡುಗಿ ಸೀಮಂತಕ್ಕೂ ಆಗಲ್ಲ.”

“ಅಯ್ಯೋ ಅಜ್ಜಿ, ನಾನು ಮಲಗೇ ಇಲ್ಲ” ಅಂದು ಎಲ್ಲ ಹೇಳಿಬಿಟ್ಟೆ. “ತಾತ, ನಿದ್ದೆ ಬಂತಾ ಅಂತ ನೀವಾದ್ರೂ ಕೇಳಬಾರ್ದಾಗಿತ್ತಾ?”

“ಮಲಗಿರೋರನ್ನ ಎಬ್ಬಿಸಿ ಹೆಂಗಮ್ಮ ಕೇಳೋದು?” ಅಂದರು ತಾತ.

ಅವತ್ತಿನಿಂದ ಮಗ್ಗ ಬಿಡುವಿಲ್ಲದೆ ಓಡಿತು. ನಾನೂ ಬಿಡುವಿಲ್ಲದೆ ಮಲಗಿದೆ. ಆದರೆ ವಯಸ್ಸಾದ ಜೀವ, ಉಂಡ ಮೇಲೆ ತಾತನಿಗೆ ಗುಂಡಿಯಲ್ಲೇ ಜೊಂಪು ಹತ್ತುತ್ತಿತ್ತು. ಲಾಳಿ ನಿಂತ ಕೂಡಲೇ ನನಗೆ ಎಚ್ಚರ. ಒಳಗಿನಿಂದಲೇ ಕೂಗುತ್ತಿದ್ದೆ, “ತಾತ, ನೀವು ಮಲಗಿಬಿಟ್ರೆ ನಾನು ಹೆಂಗೆ ಮಲಗೋದು?” ಅವರು ಬೆಚ್ಚಿ ಲಾಳಿ ಹಿಡಿಯುತ್ತಿದ್ದರು.

ಸೀರೆ ಮುಹೂರ್ತಕ್ಕೆ ಮುಂಚೆಯೇ ಮುಗಿಯಿತು. ಹೆಣ್ಣಿನ ಕಡೆಯವರು ಬಂದು ಸೆರಗು ಹರಡಿ ನೋಡಿ, ಈ ವಯಸ್ಸಿನಲ್ಲಿ ಇಷ್ಟು ಬೇಗ ಹೇಗೆ ಮುಗಿಸಿದಿರಿ ಅಂತ ತಾತನನ್ನು ಹೊಗಳಿದ್ದೇ ಹೊಗಳಿದ್ದು. ನಾನು ರೂಮಿನಲ್ಲಿ ಮಗ್ಗದ ಸದ್ದಿಲ್ಲದೆ ಹೊರಳಾಡುತ್ತಿದ್ದವಳು ಎಲ್ಲ ಕೇಳಿಸಿಕೊಂಡೆ. ಆಗ ಅಜ್ಜಿಯ ದನಿ ಬಂತು:

“ಇವನನ್ನೇನು ಹೊಗಳ್ತೀರಿ, ಇವನು ಕುಂತಲ್ಲೇ ತೂಕಡಿಸೋನು. ಒಳಗೆ ಒಬ್ಬಳು ಮಲಗವಳೆ, ಅವಳನ್ನ ಹೊಗಳ್ರಿ. ಅವಳು ಮಲಗಿದ್ದಕ್ಕೇ ನಿಮ್ಮ ಸೀರೆ ಮುಗಿದಿದ್ದು.”