ಬೀಗರು ಮೆಚ್ಚಿದ ಬಾಟಲಿ

ವೈನಿಗೆ ಮೂರು ಯೂರೋಗಿಂತ ಹೆಚ್ಚು ಕೊಡುವವನು ಕುಡಿಯುವುದು ಬಾಟಲಿಯ ಮೇಲಿನ ಚೀಟಿಯನ್ನೇ ಹೊರತು ವೈನನ್ನಲ್ಲ ಎಂಬುದು ಹುಮಿಯಾ ಊರಿನ ಅನ್ಸೆಲ್ಮೊನ ಸಿದ್ಧಾಂತ. ಮೂವತ್ತು ವರ್ಷಗಳಿಂದ ಪ್ರತಿ ಶನಿವಾರ ಸಹಕಾರ ಸಂಘದ ಅಗ್ಗದ ವೈನಿನ ನಲ್ಲಿಯಿಂದ ಐದು ಲೀಟರಿನ ಕ್ಯಾನು ತುಂಬಿಸಿ ತಂದು, ಊಟಕ್ಕೊಂದು ಲೋಟ ಕುಡಿದು, ಚಕ್ರವರ್ತಿಯ ಹಾಗೆ ಮಲಗುತ್ತಿದ್ದ. (ಹೆಂಡತಿ ಬೆನಿಲ್ಡೆಯೂ ಕುಡಿಯುತ್ತಿದ್ದಳು, ಸಿದ್ಧಾಂತವನ್ನು ಮಾತ್ರ ಒಪ್ಪಿರಲಿಲ್ಲ.)

ಮಗಳು ನೀವೆಸ್‌ಗೆ ಲೊಗ್ರೊನ್ಯೊದ ಹುಡುಗ ಗೊತ್ತಾದ. ಅದು ದುಬಾರಿ ವೈನಿನ ಸೀಮೆ. ಬೀಗರಾಗಲಿರುವ ಕಾಸಿಮೀರೊ ಭಾನುವಾರ ಊಟಕ್ಕೆ ಬರುತ್ತಾರೆಂದು ತಿಳಿದದ್ದೇ ತಡ, ಬೆನಿಲ್ಡೆ ನಲವತ್ತು ಯೂರೋ ಕೈಗಿಟ್ಟು, ಮರ್ಯಾದಸ್ಥ ಬಾಟಲಿಯೊಂದನ್ನು ತರಲು ಹೇಳಿದಳು.

"ಆ ಕ್ಯಾನು ಮೇಜಿನ ಮೇಲೆ ಕಂಡ್ರೆ ನಾನು ತವರಿಗೆ ಹೋಗ್ತೀನಿ, ನೋಡ್ರೀ."

"ನಿನ್ನ ತವರು ಎದುರುಮನೆ ಅಲ್ವೇನೆ?"

"ಅದಕ್ಕೇ. ಕಿಟಕೀಲಿ ಕೂತು ಬೈಯೋಕೆ ಅನುಕೂಲ."

ಅನ್ಸೆಲ್ಮೊ ಮೂಲೆಯ ಹೋಟೆಲಿನಿಂದ ದುಬಾರಿ ವೈನಿನ ಚೀಟಿಯಿದ್ದ ಘನವಾದ ಖಾಲಿ ಬಾಟಲಿಯೊಂದನ್ನು ಬೇಡಿ ತಂದ. ಹಿತ್ತಲಲ್ಲಿ ಆಲಿಕೆ ಹಿಡಿದು ಕ್ಯಾನಿನ ವೈನನ್ನು ಅದಕ್ಕೆ ಇಳಿಸಿ, ಬಿರಡೆ ಬಡಿದ. ನೋಟುಗಳು ಹಳೆಯ ಬೂಟಿನೊಳಗೆ ಸೇರಿದವು.

ಮೊಲ, ಬಸವನಹುಳು ಹಾಕಿದ ಅನ್ನ ಮೇಜಿಗೆ ಬಂತು. ಕಾಸಿಮೀರೊ ಲೋಟವನ್ನು ಮೂಸಿದರು, ಗುಟುಕರಿಸಿದರು, ಕಣ್ಣು ಮುಚ್ಚಿದರು. ಅನ್ಸೆಲ್ಮೊ ಬಾಟಲಿಯ ಚೀಟಿಯನ್ನು ಅವರತ್ತ ತಿರುಗಿಸಿಟ್ಟ. ಬೀಗರು ಎರಡನೇ ಲೋಟ ಕೇಳಿದರು, ಮೂರನೆಯದನ್ನು ತಾವೇ ಬಗ್ಗಿಸಿಕೊಂಡರು. ಸಿದ್ಧಾಂತ ಗೆದ್ದಿತ್ತು! ಗೆಲುವಿನ ಅಮಲಿನಲ್ಲಿ ನಿಜ ಹೇಳಿಬಿಡೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಕಾಸಿಮೀರೊ ಅವನ ಕೈ ಹಿಡಿದುಕೊಂಡರು.

"ಮದುವೆಗೂ ಇದೇ ಇರ್ಲಿ, ಅನ್ಸೆಲ್ಮೊ. ನೂರೈವತ್ತು ಜನ ಆಗ್ತಾರೆ."

"ಅದಕ್ಕೇನಂತೆ, ನಾವೇ ತರಿಸ್ತೀವಿ" ಎಂದಳು ಬೆನಿಲ್ಡೆ. ಬೀಗರು ಬೀಗಿದರು.

ಅವರ ಕಾರು ತಿರುವು ದಾಟಿದ ಮೇಲೆ ಅನ್ಸೆಲ್ಮೊ ತಪ್ಪೊಪ್ಪಿಕೊಂಡ. ಬೆನಿಲ್ಡೆ ಬೈಯಲಿಲ್ಲ, ಅದೇ ಅವನನ್ನು ಹೆದರಿಸಿದ್ದು. ಅಷ್ಟು ಜನಕ್ಕೆ ಬೇಕಾಗುವ ಎಪ್ಪತ್ತು ಖಾಲಿ ಬಾಟಲಿ ಎಲ್ಲೂ ಸಿಗುವುದಿಲ್ಲ, ಸಿಕ್ಕಿದರೂ ಗುಟ್ಟು ರಟ್ಟಾದರೆ ಮಗಳು ಅತ್ತೆಮನೆಯಲ್ಲಿ ತಲೆಯೆತ್ತುವ ಹಾಗಿಲ್ಲ ಎಂದಷ್ಟೇ ಹೇಳಿದಳು. ಅವನು ತನ್ನ ಪ್ರೀತಿಯ ಬೇಟೆ ಬಂದೂಕು ಮಾರಿ, ಅದೇ ಚೀಟಿಯ ಅಸಲಿ ವೈನಿನ ಎಪ್ಪತ್ತು ಬಾಟಲಿ ತರಿಸಿದ.

ಸೆಪ್ಟೆಂಬರಿನಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಔತಣದಲ್ಲಿ ಕಾಸಿಮೀರೊ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಅನ್ಸೆಲ್ಮೊನ ಹೆಗಲ ಮೇಲೆ ಅನುಕಂಪದಿಂದ ಕೈಹಾಕಿದರು.

"ಬೇಜಾರು ಮಾಡ್ಕೋಬೇಡಿ, ಬೀಗರೇ. ಅಂಗಡಿಯವನು ನಿಮಗೆ ಟೋಪಿ ಹಾಕಿದ್ದಾನೆ. ಬಾಟಲಿ ಅದೇ, ಆದ್ರೆ ಒಳಗೆ ಯಾವುದೋ ಅಗ್ಗದ ಮಾಲು ತುಂಬಿಸಿ ಕೊಟ್ಟಿದ್ದಾನೆ."