ಬಂಡವಾಳದ ಹುಂಜ

ಖರ್ಚು ಮಾಡುವವರು ಕುರ್ಚಿಯಲ್ಲಿ ಕೂತು ಬುದ್ಧಿ ಹೇಳುವುದು, ಉಳಿಸುವವರು ಚಾಪೆಯಲ್ಲಿ ಕೂತು ಕೇಳುವುದು. ಇದು ನಾನು ಹೋದಲ್ಲೆಲ್ಲ ನಡೆದಿದೆ. ಬೊಂಬಾಯಿಯ ಚಾಳಿನಲ್ಲಿ ನೋಡಿದ್ದೇನೆ, ಮದರಾಸಿನಲ್ಲಿ ನೋಡಿದ್ದೇನೆ, ಕೊಲಂಬೊದಲ್ಲಿ ಅಣ್ಣನ ಮನೆಯಲ್ಲಿದ್ದಾಗ ಅಲ್ಲಿಯೂ ನೋಡಿದ್ದೇನೆ. ಒಂದು ಕಡೆ ಕಾಲು ನಿಲ್ಲದ ನಾನು ಕೊನೆಗೆ ಪುತ್ತೂರು ತಾಲೂಕಿಗೆ ಗ್ರಾಮಸೇವಿಕೆಯಾಗಿ ಬಂದೆ. ಸುಳ್ಯ, ಕಡಬ ಎಲ್ಲ ಆಗ ಪುತ್ತೂರಿಗೇ ಸೇರಿದ್ದವು. ಹಳ್ಳಿಯ ಹೆಂಗಸರಿಗೆ ಮನೆಖರ್ಚನ್ನು ಹಿಡಿತದಲ್ಲಿಡಲು ಕಲಿಸುವುದು ನನ್ನ ಕೆಲಸ. ಮೀನಿಗೆ ಈಜು ಕಲಿಸಲು ಸರಕಾರ ಸಂಬಳ ಕೊಡುತ್ತಿತ್ತು. ಆ ಸಂಬಳ ತಿಂದೆನಲ್ಲ ಎಂಬ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗೆರಟೆಯ ಕೆಂಡ

ಕಡಬದಲ್ಲಿ ನನ್ನ ಮೊದಲ ಸಭೆ. ನಮ್ಮ ಸಾಹೇಬರು ಜೀಪಿನಲ್ಲಿ ಬಂದರು. ಆ ಜೀಪಿನ ಎಂಜಿನು ಒಮ್ಮೆ ನಿಲ್ಲಿಸಿದರೆ ಮತ್ತೆ ಹಿಡಿಯುವುದಿಲ್ಲ. ಹಾಗಾಗಿ ಸಾಹೇಬರು ಉಳಿತಾಯದ ಬಗ್ಗೆ ಮಾತಾಡಿ ಮುಗಿಸುವವರೆಗೂ ಅದು ಹೊರಗೆ ಗುರುಗುಟ್ಟುತ್ತಾ ಪೆಟ್ರೋಲು ಕುಡಿಯುತ್ತಲೇ ಇತ್ತು. ಅದರ ಸದ್ದಿನ ಮೇಲೆ ಕೂಗಿ ಹೇಳಬೇಕಾಗಿ ಸಾಹೇಬರ ಗಂಟಲು ಒಣಗಿತು. ಒಣಗಿದ ಗಂಟಲಿಗೆ ಸಿಗರೇಟು ಬೇಕಾಯಿತು.

"ತಾಯಂದಿರೇ, ಉಳಿತಾಯ ಸಣ್ಣದರಿಂದ ಶುರುವಾಗಬೇಕು. ಬೆಂಕಿಕಡ್ಡಿಯನ್ನೇ ತೆಗೆದುಕೊಳ್ಳಿ," ಎಂದು ಒಂದು ಕಡ್ಡಿ ಗೀರಿದರು. ಗಾಳಿಗೆ ಆರಿತು. ಇನ್ನೊಂದು ಗೀರಿದರು. ಅದೂ ಆರಿತು. ಪೆಟ್ಟಿಗೆ ಖಾಲಿಯಾಗುತ್ತ ಬಂದರೂ ಸಿಗರೇಟು ಹತ್ತಲಿಲ್ಲ, ಮಾತು ನಿಲ್ಲಲಿಲ್ಲ. "ಒಂದೊಂದು ಕಡ್ಡಿಯೂ ದೇಶದ ಸಂಪತ್ತು."

ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯೊಬ್ಬರು ಎದ್ದು ನಿಂತರು. "ನಮ್ಮಲ್ಲಿ ಬೆಂಕಿಪೆಟ್ಟಿಗೆ ತರುದೇ ಇಲ್ಲ ಸಾಮಿ. ನಮ್ಮ ಒಲೆ ಆರಿದರೆ ಆಚೆ ಮನೆಯಿಂದ ತೆಂಗಿನ ಗೆರಟೆಯಲ್ಲಿ ಕೆಂಡ ತರುದು. ಆಚೆ ಮನೆಯದ್ದು ಆರಿದರೆ ನಮ್ಮಲ್ಲಿಂದ ಕೊಡುದು. ನಿಮಗೂ ಒಂದು ಗೆರಟೆ ಕೆಂಡ ಕೊಡುವಾ? ಜೀಪಿನಲ್ಲಿ ಜಾಗ ಉಂಟಲ್ಲ."

ಸಾಹೇಬರು ಸಿಗರೇಟನ್ನು ಕಿಸೆಗೆ ಹಾಕಿಕೊಂಡರು. ಆ ದಿನ ದೇಶಕ್ಕೆ ಉಳಿದದ್ದು ಅದೊಂದೇ.

ದೆಹಲಿಗೆ ಹೋದದ್ದು

ನಾನು ಬಾಡಿಗೆಗಿದ್ದದ್ದು ಬೆಳ್ಳಾರೆಯಲ್ಲಿ, ಒಂದು ಒಕ್ಕಲುತನದ ಮನೆಯ ಚಾವಡಿ ಬದಿಯ ಕೋಣೆಯಲ್ಲಿ. ಮನೆಯೊಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವಳ ಗಂಡನನ್ನು ಯಜಮಾನರು ಎನ್ನುತ್ತಿದ್ದೆ. ಆ ಕಡೆಯ ಪದ್ಧತಿ ಏನೆಂದರೆ ತೋಟ, ಗದ್ದೆಯ ಹಣ ಗಂಡಸಿನದು, ಕೋಳಿ ಮೊಟ್ಟೆಯ ಹಣ ಹೆಂಗಸಿನದು. ಅದನ್ನು ಗಂಡ ಕೇಳುವ ಹಾಗಿಲ್ಲ. ಅಕ್ಕ ಆ ಹಣವನ್ನು ಅಟ್ಟದ ಮೇಲೆ ಒಂದು ಬಿದಿರಿನ ಕೊಳವೆಯ ಅಂಡೆಯೊಳಗೆ ತುರುಕಿಡುತ್ತಿದ್ದಳು. ಅವಳ ಮಗಳ ಊರಿನ ಶಾಲೆ ಮುಗಿದಿತ್ತು. ಮಳೆ ಹಿಡಿಯುವಾಗ ಹುಡುಗಿಯನ್ನು ಪುತ್ತೂರಿನಲ್ಲಿ ನಿಲ್ಲಿಸಿ ಹೈಸ್ಕೂಲಿಗೆ ಸೇರಿಸಬೇಕು, ಪುಸ್ತಕ, ಲಂಗ, ಬಸ್ಸಿನ ಖರ್ಚು ಎಲ್ಲ ಆ ಅಂಡೆಯಿಂದಲೇ ಬರಬೇಕು.

ನಯಾಪೈಸೆ ಬಂದ ವರ್ಷ ಅದು. ಹಳೆಯ ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆ ಎಂಬುದು ಲೋಕದಲ್ಲೇ ಇಲ್ಲ. ಅಂಗಡಿಯವರಿಗೆ ಇಷ್ಟು ಸಾಕಾಯಿತು. ಅಕ್ಕನ ಮೊಟ್ಟೆಗೆ ಆಣೆಗೆ ಆರು ಪೈಸೆ ಲೆಕ್ಕದಲ್ಲಿ ಕೊಡುವುದು, ಅವಳು ಕೊಂಡ ಎಣ್ಣೆಗೆ ಆಣೆಗೆ ಏಳು ಪೈಸೆ ಲೆಕ್ಕದಲ್ಲಿ ತೆಗೆದುಕೊಳ್ಳುವುದು.

ಅಕ್ಕ ಕೇಳಿದಳು, "ಕೊಡುವಾಗ ಆರು, ತೆಗೊಳ್ಳುವಾಗ ಏಳು. ನಡುವಿನ ಒಂದು ಎಲ್ಲಿಗೆ ಹೋಗ್ತದೆ?"

"ದೆಹಲಿಗೆ ಅಕ್ಕ. ಕಾನೂನು ಮಾಡಿದವರು ಅವರಲ್ಲವಾ," ಅಂದ ಅಂಗಡಿಯವ.

ಪಕ್ಕದಲ್ಲಿ ನಿಂತ ನನಗೆ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಸೆರಗು ಜಗ್ಗಿ ಹೊರಗೆ ಕರೆದುಕೊಂಡು ಬಂದಳು. ಮರುವಾರದಿಂದ ಅವಳ ಬುಟ್ಟಿಯಲ್ಲಿ ಹೊಸದಾಗಿ ಮೊಟ್ಟೆಯಿಡತೊಡಗಿದ ಹೇಂಟೆಗಳ ಗೋಲಿಯಂಥ ಮೊಟ್ಟೆಗಳು ಮಾತ್ರ.

"ಇದೆಂತ ಅಕ್ಕ, ಪಾರಿವಾಳದ್ದಾ?" ಅಂದ ಅಂಗಡಿಯವ. "ದೊಡ್ಡದೆಲ್ಲ ಎಲ್ಲಿ?"

"ದೆಹಲಿಗೆ ಹೋಯ್ತು," ಅಂದಳು ಅಕ್ಕ.

ಸಾಹೇಬರು ಕೊಟ್ಟ ಕರಪತ್ರದಲ್ಲಿ ಈ ಉಪಾಯ ಇರಲಿಲ್ಲ. ನನ್ನನ್ನು ಕೇಳಿದರೆ ಅದೊಂದನ್ನೇ ಅಚ್ಚು ಹಾಕಿಸುತ್ತಿದ್ದೆ. ಚಿಲ್ಲರೆಯಲ್ಲಿ ಮೋಸ ಮಾಡುವವನ ಹತ್ತಿರ ನ್ಯಾಯ ಕೇಳಿ ಬಾಯಿ ನೋಯಿಸಿಕೊಳ್ಳಬೇಡಿ. ಅವನ ಚಿಲ್ಲರೆಗೆ ತಕ್ಕ ಸಾಮಾನು ಕೊಡಿ.

ಖರ್ಚಲ್ಲ, ಬಂಡವಾಳ

ಆ ಬೇಸಗೆಯಲ್ಲಿ ಯಜಮಾನರು ಸುಬ್ರಹ್ಮಣ್ಯದ ಕಡೆಯಿಂದ ಒಂದು ಹುಂಜ ತಂದರು. ಕೆಂಪು ಮೈ, ಕಪ್ಪು ಬಾಲ, ಸಾಹೇಬರ ಹಾಗೆ ಎದೆ ಮುಂದೆ ಮಾಡಿ ನಡೆಯುತ್ತಿತ್ತು. ಕೋಳಿ ಅಂಕಕ್ಕೆಂದು ತಂದದ್ದು. ಅಂದರೆ ಕಾಲಿಗೆ ಕತ್ತಿ ಕಟ್ಟಿ ಇನ್ನೊಬ್ಬರ ಹುಂಜದ ಜೊತೆ ಹೋರಾಡಿಸಲಿಕ್ಕೆ.

ಹುಂಜಕ್ಕೆ ದಿನಾ ಒಂದು ಬೇಯಿಸಿದ ಮೊಟ್ಟೆ ಆಗಬೇಕು ಎಂದರು ಯಜಮಾನರು.

"ಅದು ಮಗಳ ಶಾಲೆಯ ಮೊಟ್ಟೆ," ಅಂದಳು ಅಕ್ಕ. "ನಿಮ್ಮ ಹುಂಜ ಯಾವ ಶಾಲೆಗೆ ಹೋಗ್ತದೆ?"

"ನಿನಗೆ ಇದೆಲ್ಲ ಗೊತ್ತಾಗುದಿಲ್ಲ ಮಾರಾಯ್ತಿ. ಇದು ಖರ್ಚಲ್ಲ, ಬಂಡವಾಳ. ಒಂದು ಅಂಕ ಗೆದ್ದರೆ ಹತ್ತು ಮಕ್ಕಳನ್ನು ಓದಿಸಬಹುದು."

ನಾನು ನಡುವೆ ಬಾಯಿ ಹಾಕಿದೆ. "ಹತ್ತು ಬೇಡ, ಒಂದನ್ನು ಓದಿಸಿ. ಮನೆಯಲ್ಲಿರುವುದು ಒಂದೇ."

ಅವರು ನನ್ನ ಕಡೆ ಕರುಣೆಯಿಂದ ನೋಡಿದರು. "ಹೆಣ್ಣು ಓದಿದರೆ ಲಾಭ ಯಾರಿಗೆ ಹೇಳಿ? ಕೊಟ್ಟ ಮನೆಗೆ."

ಅಂಕದ ನಿಯಮ ಊರಿಗೆಲ್ಲ ಗೊತ್ತಿದ್ದದ್ದೇ. ಸೋತ ಹುಂಜವನ್ನು ಗೆದ್ದವನೇ ಸಾರಿಗೆ ಒಯ್ಯುತ್ತಾನೆ. ಅಕ್ಕ ಮೊರದಲ್ಲಿ ಅಕ್ಕಿ ಗೇರುತ್ತಿದ್ದವಳು ತಲೆಯೆತ್ತದೆ ಅಂದಳು, "ಹುಂಜ ಸತ್ತರೂ ಲಾಭ ಬೇರೆ ಮನೆಗೇ. ಮಗಳಾದರೆ ದೀಪಾವಳಿಗಾದರೂ ಬಂದು ಹೋಗುವಳು."

ಸೀಳಿದ ಅಂಡೆ

ಒಂದು ದಿನ ಸಭೆ ಮುಗಿಸಿ ಬರುವಾಗ ಅಂಗಳದಲ್ಲಿ ಬಿದಿರಿನ ಅಂಡೆ ಎರಡು ಸೀಳಾಗಿ ಬಿದ್ದಿತ್ತು. ಐವರ್ನಾಡಿನಲ್ಲಿ ದೊಡ್ಡ ಅಂಕ ಉಂಟಂತೆ, ಪಣಕ್ಕೆ ಕೈಯಲ್ಲಿ ಕಾಸಿಲ್ಲವಂತೆ, ಯಜಮಾನರು ಕತ್ತಿಯಲ್ಲಿ ಒಂದೇ ಪೆಟ್ಟಿಗೆ ಸೀಳಿದರಂತೆ. ಹೆಂಗಸಿನ ಕೋಳಿ ಹಣಕ್ಕೆ ಕೈ ಹಾಕಿದರೆ ಊರು ಉಗಿಯುತ್ತದೆ. ಅದಕ್ಕೆ ಅವರಲ್ಲಿ ಉತ್ತರ ತಯಾರಿತ್ತು. "ಹಾಕಿದ್ದು ಕೋಳಿಗೇ ಅಲ್ಲವಾ?"

ಹುಡುಗಿ ಒಳಗೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಕಚೇರಿಯ ಎಲ್ಲ ಕರಪತ್ರಗಳನ್ನು ಬಚ್ಚಲ ಒಲೆಗೆ ಹಾಕಿ ಸ್ನಾನಕ್ಕೆ ನೀರು ಕಾಯಿಸಿದೆ. ಅಷ್ಟು ಸಿಟ್ಟು. ಆದರೆ ಅಕ್ಕ ಅಳಲಿಲ್ಲ, ಬೈಯಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಹುಂಜದ ಮುಂದೆ ಕೂತು ತಾನೇ ಮೊಟ್ಟೆ ತಿನ್ನಿಸುತ್ತಿದ್ದಾಳೆ. ಒಂದಲ್ಲ, ಎರಡು. ಮೇಲೆ ನೆನೆಸಿದ ಕಡಲೆ, ತೆಂಗಿನಕಾಯಿ ತುರಿ, ಬೆಲ್ಲ.

"ನಿನಗೆ ತಲೆ ಕೆಟ್ಟಿದೆಯಾ ಅಕ್ಕ? ಮಗಳ ಅನ್ನ ಕಸಿದದ್ದಕ್ಕೆ ಬಡಿಸುತ್ತಿದ್ದೀಯಲ್ಲ."

"ತಿನ್ನಲಿ ಬಿಡು ತಂಗಿ. ಪಾಪ, ನಮ್ಮ ಹಣಕ್ಕಾಗಿ ಹೋರಾಡುದು ಅದೇ ಅಲ್ಲವಾ."

ಅಂಗಳದಲ್ಲಿ ಬಿಟ್ಟರೆ ದೃಷ್ಟಿ ತಾಗುತ್ತದೆ ಎಂದು ಅದನ್ನು ಬುಟ್ಟಿಯಡಿಯಲ್ಲೇ ಮುಚ್ಚಿಟ್ಟಳು. ಯಜಮಾನರಿಗೆ ಖುಷಿಯೋ ಖುಷಿ. ಹುಂಜವನ್ನು ಎರಡೂ ಕೈಯಲ್ಲಿ ಎತ್ತಿ ದಾರಿಹೋಕರಿಗೆಲ್ಲ ತೋರಿಸಿದರು. "ತೂಕ ನೋಡಿ ಮಾರಾಯ್ರೆ." ನಾನು ಅಕ್ಕನ ಹತ್ತಿರ ಮಾತು ಬಿಟ್ಟೆ. ಊರೂರು ಅಲೆದು ನಾನು ಕಲಿತದ್ದು ಇಷ್ಟೇ ಎಂದುಕೊಂಡೆ. ಗಂಡಸು ಮನೆ ಮುಳುಗಿಸಿದರೆ ಹೆಂಗಸು ನೀರು ಹೊತ್ತು ಸಹಾಯ ಮಾಡುತ್ತಾಳೆ.

ಸಾಕಿದವರಿಗೆ ತೊಡೆ

ಅಂಕದ ದಿನ ಯಜಮಾನರು ಕೋಳಿ ಪಂಚಾಂಗ ನೋಡಿ ಹೊರಟರು. ಯಾವ ಬಣ್ಣದ ಹುಂಜ ಯಾವ ವಾರ ಯಾವ ದಿಕ್ಕಿಗೆ ನಿಂತರೆ ಗೆಲ್ಲುತ್ತದೆ ಎಂದು ಅದರಲ್ಲಿ ಎಲ್ಲ ಉಂಟು. ತೂಕ ಒಂದು ಇಲ್ಲ.

ಇಳಿಹೊತ್ತಿಗೆ ಮೊದಲು ಬಂದದ್ದು ಐವರ್ನಾಡಿನಲ್ಲಿರುವ ಅಕ್ಕನ ತಮ್ಮ. ಒಂದು ಕಂಕುಳಲ್ಲಿ ಅವನ ಸಣಕಲು ಹುಂಜ. ಗುಡ್ಡೆ ಗುಡ್ಡೆ ಅಲೆದು, ಸಂಜೆ ಹಲಸಿನ ಮರ ಹಾರಿ ಮಲಗುವ ಜಾತಿ. ಇನ್ನೊಂದು ಕೈಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದದ್ದು ಬಂಡವಾಳ.

"ಎಂತ ಹೇಳುದು ಅಕ್ಕ," ಅಂದ ಅವನು. "ನನ್ನ ಹುಂಜವನ್ನು ನೋಡಿ ಭಾವ ನಗಾಡಿದರು. 'ಇದಕ್ಕೆ ಜ್ವರವಾ' ಅಂತ ಕೇಳಿದರು. ಎಲ್ಲರೆದುರು ಅಷ್ಟೂ ಹಣ ಪಣಕ್ಕಿಟ್ಟರು. ನಮ್ಮದು ಆಳೆತ್ತರ ಹಾರಿತು. ನಿಮ್ಮದು ಹಾರಲಿಕ್ಕೆ ನೋಡಿತು, ಕೂತಿತು. ಮತ್ತೆ ನೋಡಿತು, ಮತ್ತೆ ಕೂತಿತು. ಊಟ ಆದ ಮೇಲೆ ಮದುವೆ ಮನೆಯ ನೆಂಟರು ಏಳುದಿಲ್ಲವಾ, ಹಾಗೆ." ಸೊಂಟದ ಗಂಟು ಬಿಚ್ಚಿ ಹಣವನ್ನೆಲ್ಲ ಅಕ್ಕನ ಮಡಿಲಿಗೆ ಹಾಕಿದ.

ಆಗ ನನಗೆ ಬೆಳಕಾಯಿತು. ಮೊಟ್ಟೆ, ಬೆಲ್ಲ, ಬುಟ್ಟಿ, ದೃಷ್ಟಿ, ಕೊನೆಗೆ ಐವರ್ನಾಡಿನ ತಮ್ಮ. ಅಕ್ಕ ನನ್ನ ಮುಖ ನೋಡಿ, "ಮಾತು ಬಿಟ್ಟವರಿಗೆ ಊಟ ಉಂಟು, ಕೂತುಕೋ," ಅಂದಳು.

ಯಜಮಾನರು ದೀಪ ಹಚ್ಚಿದ ಮೇಲೆ ಬಂದರು. ರೊಟ್ಟಿಯ ಮೇಲೆ ಕೋಳಿ ಸಾರು ಬಿತ್ತು. ಅವರು ಗೋಡೆ ನೋಡಿಕೊಂಡು ಒಂದು ತುತ್ತು ತಿಂದರು, ಇನ್ನೊಂದು ತಿಂದರು. ಅಷ್ಟರಲ್ಲಿ ಭಾವಮೈದುನ ದೊಡ್ಡ ತುಂಡನ್ನೇ ಅವರ ಬಟ್ಟಲಿಗೆ ಹಾಕಿದ.

"ತೊಡೆ ನಿಮಗೆ ಭಾವ. ಸಾಕಿದವರಿಗೆ ಮೊದಲು."

ಅವರು ಅದನ್ನೂ ತಿಂದರು. ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟರು. "ಎಂಥ ಕೊಬ್ಬು ಮಾರಾಯ್ತಿ."

"ಇರದೆ?" ಅಂದಳು ಅಕ್ಕ. "ಬಂಡವಾಳ ಅಲ್ಲವಾ."

ಹುಡುಗಿ ಬಾಗಿಲ ಸಂದಿಯಲ್ಲಿ ಕಿಸಕ್ಕನೆ ನಕ್ಕಳು. ಪುತ್ತೂರಿಗೆ ಹೋಗಲು ಅವಳ ಟ್ರಂಕು ಆಗಲೇ ಚಾವಡಿಗೆ ಇಳಿದಿತ್ತು. ಯಜಮಾನರು ಕೈ ತೊಳೆದು ಬಂದು, ಗಂಟಲು ಸರಿ ಮಾಡಿಕೊಂಡು, ಇನ್ನು ಈ ಜನ್ಮದಲ್ಲಿ ಅಂಕದ ಗದ್ದೆಗೆ ಕಾಲಿಡುವುದಿಲ್ಲ ಎಂದರು.

"ಹಾಗೆಲ್ಲ ಹೇಳಬೇಡಿ," ಅಂದಳು ಅಕ್ಕ, ಅವರಿಗೆ ಎಲೆಯಡಿಕೆ ಕೊಡುತ್ತಾ. "ಒಳ್ಳೆ ಹುಂಜದ ಮರಿಯೊಂದನ್ನು ನಿಮಗೆ ಅಂತಲೇ ನೋಡಿ ಇಟ್ಟಿದ್ದೇನೆ. ಅವಳಿಗೆ ಬರುವ ವರ್ಷದ ಪುಸ್ತಕವೂ ಆಗಬೇಕಲ್ಲ."