ಕಾವುಪೆಟ್ಟಿಗೆಗೊಂದು ಮೀಟರು

"ಇನ್ನು ಮೊಟ್ಟೆಗಳ ಯೋಗಕ್ಷೇಮ ನನಗೆ ಬಿಡು" ಎಂದು ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಹೆಂಡತಿಗೆ ಅಭಯಹಸ್ತ ತೋರಿದಾಗ, ಆ ಹಸ್ತದಲ್ಲಿ ಸಾಲ್ಡರಿಂಗ್ ಕಡ್ಡಿ ಹೊಗೆಯಾಡುತ್ತಿತ್ತು.

ಸಾಕಿದ ಬಾತುಕೋಳಿ ಅರ್ಧಕ್ಕೇ ಕಾವು ಬಿಟ್ಟೆದ್ದು ಹೋಗಿತ್ತು. ಹೆಂಡತಿ ಮೊಟ್ಟೆಗಳನ್ನು ಮಡಿಲಲ್ಲಿ ತುಂಬಿ ತಂದು ಕಾವುಪೆಟ್ಟಿಗೆಯಲ್ಲಿಟ್ಟಿದ್ದಳು. ಅದರೊಳಗಿನ ಮೋಟಾರಿನ ಶಾಫ್ಟು ಆಮೆಯೂ ನಾಚುವಷ್ಟು ನಿಧಾನವಾಗಿ ತಿರುಗುತ್ತ ಮೊಟ್ಟೆಗಳನ್ನು ಹೊರಳಿಸುತ್ತಿತ್ತು. ಹೊರಳದಿದ್ದರೆ ಮರಿ ಚಿಪ್ಪಿಗಂಟಿ ಸಾಯುತ್ತದೆ. ಅದೇ ಆತಂಕದಲ್ಲಿ ಅವಳು ಹೊರಳಿದ್ದು ಗೊತ್ತಾಗಲೆಂದು ಮೊಟ್ಟೆಗಳಿಗೆಲ್ಲ ಪೆನ್ಸಿಲಿನ ಬೊಟ್ಟಿಟ್ಟು, ಗಾಜಿಗೆ ಮೂಗೊತ್ತಿ ಕೂರುತ್ತಿದ್ದಳು.

ಮೇಷ್ಟ್ರು ಶಾಫ್ಟಿಗೊಂದು ಅಯಸ್ಕಾಂತ ಅಂಟಿಸಿ ಎದುರಿಗೆ ಸೆನ್ಸರ್ ಕೂರಿಸಿದರು. ಅಯಸ್ಕಾಂತ ಎದುರು ಬಂದಾಗಲೆಲ್ಲ ಒಂದು ಸುತ್ತೆಂದು ಎಣಿಸಿ ವೇಗ ತೋರಿಸುವುದು ಮೈಕ್ರೋಕಂಟ್ರೋಲರಿನ ಕೆಲಸ. ಮೀಟರಿನ ಪರದೆ ನೋಡಿ ಮೇಷ್ಟ್ರು ಹೌಹಾರಿದರು. ಶಾಫ್ಟು ಮಿಕ್ಸಿಯಂತೆ ಗಿರಗಿರನೆ ತಿರುಗುತ್ತಿದೆಯಂತೆ!

ಮೊಟ್ಟೆಗಳು ಕದಲುವುದೇ ಕಾಣದಲ್ಲ ಎಂದು ಹೆಂಡತಿ ಅನುಮಾನಿಸಿದಳು. ಕಣ್ಣು ಮೋಸ ಹೋದೀತು, ಅಂಕಿ ಸುಳ್ಳಾಡದು ಎಂದು ಮೇಷ್ಟ್ರು ತರಗತಿಯ ದನಿಯಲ್ಲಿ ತಿಳಿಹೇಳಿ, ಮೋಟಾರಿನ ಕರೆಂಟು ಇಳಿಸಿದರು. ಅಂಕಿ ಇನ್ನೂ ಏರಿತು. ಮತ್ತಷ್ಟು ಇಳಿಸಿದರು.

"ಏನೋ ಸುಟ್ಟ ವಾಸನೆ ರೀ."

"ಅಷ್ಟು ವೇಗಕ್ಕೆ ಬಿಸಿ ಆಗ್ದೆ ಇರುತ್ತಾ?"

"ಯಾವ ವೇಗ? ನೀವು ಕೈ ಹಾಕಿದಾಗಿಂದ ಒಂದು ಬೊಟ್ಟೂ ಜರುಗಿಲ್ಲ."

ಜರುಗುವುದಾದರೂ ಹೇಗೆ? ಅಯಸ್ಕಾಂತ ಸೆನ್ಸರಿನ ಹೊಸ್ತಿಲಲ್ಲಿ, ಒಳಗೂ ಬಾರದೆ ಹೊರಗೂ ಹೋಗದೆ, ಮೋಟಾರಿನ ಅದುರಿಗೆ ಹೊಸ ಅಳಿಯನಂತೆ ನಡುಗುತ್ತ ನಿಂತಿತ್ತು. ಒಂದೊಂದು ನಡುಕವನ್ನೂ ಯಂತ್ರ ಒಂದೊಂದು ಸುತ್ತೆಂದು ನಿಷ್ಠೆಯಿಂದ ಎಣಿಸಿತ್ತು. ಫ್ಯಾನುಗಳನ್ನಷ್ಟೇ ಅಳೆದು ರೂಢಿಯಿದ್ದ ಮೇಷ್ಟ್ರಿಗೆ, ನಿಧಾನಸ್ಥರು ಬಾಗಿಲಲ್ಲಿ ತಡವರಿಸುತ್ತಾರೆಂಬುದು ಹೊಳೆದಿರಲಿಲ್ಲ. ಶಕ್ತಿ ಸಾಲದ ಮೋಟಾರು ತಿಣುಕಿ ತಿಣುಕಿ ಕರಕಲಾಗಿತ್ತು.

ಹೆಂಡತಿ ಬೈಯಲಿಲ್ಲ. ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದು, ಒಳಗೆ ಜೀವವಿದೆಯೇ ಎಂದು ಆಲಿಸಿದಳು. ಬೈದಿದ್ದರೇ ವಾಸಿಯಿತ್ತು.

ಆ ಗಳಿಗೆಯಿಂದ ಮೇಷ್ಟ್ರೇ ಮೋಟಾರಾದರು. ಕಾಲೇಜಿಗೆ ರಜೆ ಹಾಕಿ, ಪೆಟ್ಟಿಗೆಯ ಪಕ್ಕ ಚಾಪೆ ಹಾಸಿಕೊಂಡು, ಒಂದೊಂದೇ ಮೊಟ್ಟೆಯನ್ನು ಎರಡು ಬೆರಳಲ್ಲಿ ಹೊರಳಿಸಿದರು. "ತಪ್ಪಾಯ್ತು ಮರಿ, ಸ್ವಲ್ಪ ಈ ಕಡೆ ತಿರುಗು" ಎಂದು ಪ್ರತಿಯೊಂದರ ಕ್ಷಮೆಯನ್ನೂ ಕೇಳಿದರು.

ಚಿಪ್ಪುಗಳು ಬಿರಿದವು. ಹೆಂಡತಿ ಕಣ್ಣು ತುಂಬಿಕೊಂಡು ಅಂಗೈ ಚಾಚಿದಳು. ಮರಿಗಳು ಅತ್ತ ನೋಡಲೂ ಇಲ್ಲ. ಎಲ್ಲ ಬಂದವೇ ಎಂದು ಮೇಷ್ಟ್ರು ಬಾಯಿ ತೆರೆದದ್ದೇ ತಡ, ಚಿಪ್ಪಿನೊಳಗಿದ್ದಾಗಲೇ ಕೇಳಿ ಪರಿಚಯವಾಗಿದ್ದ ಆ ದನಿಯನ್ನು ಹುಡುಕಿ ಹಿಂಡಾಗಿ ಅವರ ಪಾದಕ್ಕೆ ಬಂದು ಬಿದ್ದವು. ಬಚ್ಚಲಿಗೂ ಬೆನ್ನುಹತ್ತಿದವು. ರಜೆ ಮುಗಿದು ಹೊರಟ ದಿನ ಗೇಟಿನವರೆಗೂ ಹಳದಿ ಮೆರವಣಿಗೆ.

"ಇವನ್ನ ಸ್ವಲ್ಪ ಕರ್ಕೊಳ್ಳೇ, ಕ್ಲಾಸಿಗೆ ಹೊತ್ತಾಯ್ತು."

ಹೆಂಡತಿ ಬಾಗಿಲಿಗೊರಗಿ ನಿಧಾನವಾಗಿ ನಕ್ಕಳು.

"ಅವಕ್ಕೆ ನೀವೇ ಅಮ್ಮ ರೀ. ಪ್ರಿನ್ಸಿಪಾಲರಿಗೆ ಹೇಳಿ, ಹೆರಿಗೆ ರಜೆ ಕೊಡ್ತಾರೆ."